ಕ್ರಿಯೇಟಿನಿನ್ 1.5 ಬಂತು, ಬೇಳೆ ಬಿಡಬೇಕಾ?

ಓದುಗರ ಪ್ರಶ್ನೆ: ನನಗೆ 52 ವರ್ಷ. ಊರು ಕುಂದಾಪುರದ ಹತ್ತಿರ. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದವನು. ಈಗ ಮುಲುಂಡಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಕೆಲಸ. ಮೇ ತಿಂಗಳಲ್ಲಿ ನಮ್ಮ ಸಂಘದವರು ಒಂದು ಭಾನುವಾರ ಆರೋಗ್ಯ ತಪಾಸಣೆ ಇಟ್ಟಿದ್ದರು. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ನನ್ನ ಕ್ರಿಯೇಟಿನಿನ್ 1.5 ಬಂತು, ಕೆಂಪು ಅಕ್ಷರದಲ್ಲಿ ಗುರುತು ಹಾಕಿದ್ದಾರೆ. ಜೊತೆಗೆ ಬಂದಿದ್ದ ಅಮ್ಮನಿಗೆ 72 ವರ್ಷ, ಅವರದು 1.1, ನಾರ್ಮಲ್ ಅಂತೆ. ಅಂದಿನಿಂದ ನನಗೆ ನಿದ್ದೆ ಇಲ್ಲ. ಒಬ್ಬರು ದಿನಕ್ಕೆ ಆರು ಲೀಟರ್ ನೀರು ಕುಡಿ ಎನ್ನುತ್ತಾರೆ. ಇನ್ನೊಬ್ಬರು ಬೇಳೆ, ಮೀನು ಎಲ್ಲ ಬಿಡು ಎನ್ನುತ್ತಾರೆ. ಕಿಡ್ನಿ ಕ್ಲೀನ್ ಮಾಡುವ ಕಷಾಯದ ಬಾಟಲಿಯನ್ನೂ ಒಬ್ಬರು ತಂದುಕೊಟ್ಟಿದ್ದಾರೆ. ಕೆಲಸ ಮುಗಿಸಿ ನಾನು ಉಣ್ಣುವಾಗ ರಾತ್ರಿ ಹನ್ನೊಂದೂವರೆ. ತಡವಾಗಿ ಉಂಡ ಅನ್ನ ಹೊಟ್ಟೆಯಲ್ಲಿ ಕೊಳೆತು, ಅದರ ಕೊಳೆ ಕಿಡ್ನಿಯಲ್ಲಿ ಕೂರುತ್ತದೆ ಎನ್ನುವುದು ನಿಜವೇ? ಬಿಪಿ ಮಾತ್ರೆ ನಡೆಯುತ್ತಿದೆ. ಮಂಡಿನೋವಿಗೆ ಎರಡು ವರ್ಷದಿಂದ ದಿನಾ ಒಂದು ನೋವಿನ ಮಾತ್ರೆ. ನನಗೆ ಡಯಾಲಿಸಿಸ್ ಬೇಕಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. 1.5 ಎಂಬ ಒಂದು ಸಂಖ್ಯೆ ನೋಡಿ ಯಾವ ವೈದ್ಯರೂ ಡಯಾಲಿಸಿಸ್ ಮಾತು ಎತ್ತುವುದಿಲ್ಲ. ನೀವು ಇವತ್ತು ರಾತ್ರಿ ನಿದ್ದೆ ಮಾಡಿ. ಆದರೆ ರಿಪೋರ್ಟನ್ನು ಮಡಚಿ ಕಪಾಟಿನಲ್ಲಿ ಇಟ್ಟುಬಿಡಬೇಡಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದದ್ದು ಕೊನೆಯಲ್ಲಿ ಬರೆದ ಆ ನೋವಿನ ಮಾತ್ರೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ, ನೀವು ಉಂಡ ಅನ್ನ ಎಲ್ಲಿಗೆ ಹೋಗುತ್ತದೆ ಎಂದು ನೋಡೋಣ. ಅದು ಗೊತ್ತಾದರೆ ಉಳಿದ ಮಾತು ಅರ್ಧ ಮುಗಿದಂತೆ.

ರಾತ್ರಿ ಹನ್ನೊಂದೂವರೆಗೆ ನೀವು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡಿರಿ ಎಂದುಕೊಳ್ಳಿ. ಬಾಯಿಯಲ್ಲೇ ಕೆಲಸ ಶುರು. ಎಂಜಲು ಅನ್ನದ ಪಿಷ್ಟವನ್ನು ಒಡೆಯತೊಡಗುತ್ತದೆ. ಅನ್ನವನ್ನು ಜಾಸ್ತಿ ಹೊತ್ತು ಅಗಿದರೆ ಸಿಹಿ ಅನ್ನಿಸುವುದು ಅದಕ್ಕೇ. ಹೊಟ್ಟೆಗೆ ಇಳಿದ ಮೇಲೆ ಅಲ್ಲಿ ಕಾದಿರುವುದು ಬಲವಾದ ಆಮ್ಲ. ಲಿಂಬೆರಸಕ್ಕಿಂತ ಹುಳಿ ಅದು. ಕೊಳೆಯುವುದು ಅಂದರೆ ಬ್ಯಾಕ್ಟೀರಿಯಾ ಬೆಳೆದು ಅನ್ನವನ್ನು ಕೆಡಿಸುವುದು. ಅಷ್ಟು ಆಮ್ಲ ಇರುವ ಕಡೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬದುಕುವುದೇ ಕಷ್ಟ. ಹಾಗಾಗಿ ಹೊಟ್ಟೆಯಲ್ಲಿ ಅನ್ನ ಕೊಳೆಯುವುದಿಲ್ಲ, ಕರಗುತ್ತದೆ.

ಇದನ್ನು ಕಣ್ಣಾರೆ ನೋಡಿದ ಒಬ್ಬ ವೈದ್ಯರಿದ್ದರು. 1822ರಲ್ಲಿ ಅಮೆರಿಕದ ಒಂದು ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಹೊಟ್ಟೆಗೆ ಬಂದೂಕಿನ ಗುಂಡು ತಾಗಿತು. ಅವನು ಬದುಕಿದ. ಆದರೆ ಹೊಟ್ಟೆಯ ಮೇಲಿನ ತೂತು ಪೂರ್ತಿ ಮುಚ್ಚಲಿಲ್ಲ. ಅವನಿಗೆ ಚಿಕಿತ್ಸೆ ಕೊಟ್ಟ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ಮಾಂಸ, ಬ್ರೆಡ್ಡು, ಎಲೆಕೋಸಿನ ತುಂಡುಗಳನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ನೋಡಿದರು. ಆ ರಸವನ್ನು ಹೊರಗೆ ತೆಗೆದು ಸೀಸೆಯಲ್ಲಿ ಬೆಚ್ಚಗೆ ಇಟ್ಟು, ಅದರಲ್ಲಿ ಮಾಂಸ ಹಾಕಿದರು. ಅಲ್ಲೂ ಕರಗಿತು. 1833ರಲ್ಲಿ ಅವರು ಅದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಆ ತರುಣ ವರ್ಷಗಟ್ಟಲೆ ಆ ಪ್ರಯೋಗಗಳನ್ನು ಸಹಿಸಿಕೊಂಡ. ಜೀರ್ಣದ ಬಗ್ಗೆ ಪಾಠ ಮಾಡುವಾಗಲೆಲ್ಲ ನನಗೆ ವೈದ್ಯರಿಗಿಂತ ಮೊದಲು ಅವನ ನೆನಪಾಗುತ್ತದೆ.

ಮೂರು ನಾಲ್ಕು ಗಂಟೆಯಲ್ಲಿ ನಿಮ್ಮ ಊಟ ಹೊಟ್ಟೆ ಬಿಟ್ಟು ಸಣ್ಣ ಕರುಳಿಗೆ ಇಳಿದಿರುತ್ತದೆ. ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಬಂದು ಸೇರುವುದು ಅಲ್ಲಿ. ಅನ್ನ ಸಕ್ಕರೆಯಾಗುತ್ತದೆ. ಮೀನಿನ ಪ್ರೋಟೀನು ಅಮೈನೋ ಆಮ್ಲ ಎಂಬ ಚಿಕ್ಕ ಚಿಕ್ಕ ತುಂಡಾಗುತ್ತದೆ. ಕೊಬ್ಬು ಬೇರೆ ದಾರಿಯಲ್ಲಿ ಹೋಗುತ್ತದೆ. ಉಳಿದದ್ದೆಲ್ಲ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿ ಸೀದಾ ಲಿವರಿಗೆ. ರಕ್ತಕ್ಕೆ ಸೇರದೆ ಉಳಿದ ನಾರು, ಚರಟ ದೊಡ್ಡ ಕರುಳಿಗೆ ಹೋಗಿ ಮಲವಾಗಿ ಹೊರಬೀಳುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಕರುಳಿನಿಂದ ಕಿಡ್ನಿಗೆ ನೇರ ಕೊಳವೆ ಯಾವುದೂ ಇಲ್ಲ. ಮಲದ ದಾರಿಯೇ ಬೇರೆ, ಮೂತ್ರದ ದಾರಿಯೇ ಬೇರೆ. ಮೂತ್ರ ಹುಟ್ಟುವುದು ರಕ್ತದಿಂದ. ಹಾಗಾಗಿ ಹೊಟ್ಟೆಯ ಕೊಳೆ ಕಿಡ್ನಿಯಲ್ಲಿ ಕೂರುತ್ತದೆ ಎಂಬ ಮಾತಿಗೆ ಬುಡವೇ ಇಲ್ಲ. ತಡವಾಗಿ ಉಂಡರೆ ತೊಂದರೆ ಬೇರೆ ಇದೆ. ಉಂಡ ತಕ್ಷಣ ಮಲಗಿದರೆ ಎದೆಯುರಿ ಬರುತ್ತದೆ. ರಾತ್ರಿ ಹೊತ್ತು ಇನ್ಸುಲಿನ್ ಹಗಲಿನಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ, ಅದೇ ಅನ್ನಕ್ಕೆ ಸಕ್ಕರೆ ಜಾಸ್ತಿ ಏರುತ್ತದೆ. ಹೋಟೆಲಿನಲ್ಲಿ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ ಅಲ್ವಾ? ದೊಡ್ಡ ಊಟ ಆಗ ಮಾಡಿ. ರಾತ್ರಿ ಒಂದು ಬಟ್ಟಲು ಗಂಜಿ, ಪಲ್ಯ ಸಾಕು.

ಈಗ ಲಿವರಿನ ವಿಷಯ. ಬಂದ ಸಕ್ಕರೆಯಲ್ಲಿ ಸ್ವಲ್ಪ ಭಾಗವನ್ನು ಅದು ಕೂಡಿಡುತ್ತದೆ, ಸುಮಾರು 100 ಗ್ರಾಂ. ನೀವು ಮಲಗಿದ್ದಾಗ ಮೆದುಳಿಗೆ ಸಕ್ಕರೆ ಸಿಗುವುದು ಈ ಗಂಟಿನಿಂದ. ಆದರೆ ಪ್ರೋಟೀನನ್ನು ಹಾಗೆ ಕೂಡಿಡಲು ಶರೀರಕ್ಕೆ ಜಾಗವಿಲ್ಲ. ಬೇಕಾದಷ್ಟನ್ನು ಸ್ನಾಯು, ಚರ್ಮ, ರಕ್ತ ಕಟ್ಟಲು ಬಳಸಿ, ಮಿಕ್ಕಿದ್ದನ್ನು ಒಲೆಗೆ ಹಾಕುತ್ತದೆ. ಪ್ರೋಟೀನು ಉರಿದಾಗ ಅದರಲ್ಲಿದ್ದ ಸಾರಜನಕ ಅಮೋನಿಯಾ ಆಗಿ ಉಳಿಯುತ್ತದೆ. ಅಮೋನಿಯಾ ಮೆದುಳಿಗೆ ವಿಷ. ಲಿವರ್ ಅದನ್ನು ಬೇಗನೆ ಯೂರಿಯಾ ಮಾಡಿಬಿಡುತ್ತದೆ. ಯೂರಿಯಾ ಅಷ್ಟು ಕೆಟ್ಟದ್ದಲ್ಲ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಈ ಚಕ್ರವನ್ನು 1932ರಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ಜರ್ಮನಿಯಲ್ಲಿ ಬಿಡಿಸಿ ತೋರಿಸಿದರು. ಆ ಯೂರಿಯಾವನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು.

ಕ್ರಿಯೇಟಿನಿನ್ ಹಾಗಲ್ಲ. ಅದು ಮುಖ್ಯವಾಗಿ ನಿಮ್ಮ ಸ್ನಾಯುಗಳಿಂದ ಬರುವಂಥದ್ದು. ಸ್ನಾಯುವಿನಲ್ಲಿ ಕ್ರಿಯೇಟಿನ್ ಎಂಬ ವಸ್ತು ಇದೆ. ತಟ್ಟನೆ ಶಕ್ತಿ ಬೇಕಾದಾಗ ಕೊಡುವುದು ಅದರ ಕೆಲಸ. ದಿನಕ್ಕೆ ಅದರಲ್ಲಿ ನೂರಕ್ಕೆ ಒಂದೆರಡು ಪಾಲು ತಾನಾಗಿಯೇ ಬದಲಾಗಿ ಕ್ರಿಯೇಟಿನಿನ್ ಆಗುತ್ತದೆ. ನೀವು ಏಕಾದಶಿ ಉಪವಾಸ ಮಾಡಿದರೂ ಆಗುತ್ತದೆ. ಅದರಿಂದ ಶರೀರಕ್ಕೆ ಏನೂ ಉಪಯೋಗವಿಲ್ಲ, ದೊಡ್ಡ ಹಾನಿಯೂ ಇಲ್ಲ. ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುತ್ತದೆ, ಕಿಡ್ನಿಯಿಂದಲೇ ಹೊರಹೋಗುತ್ತದೆ. ಅದಕ್ಕೇ ನಾವು ಅದನ್ನು ಅಳೆಯುತ್ತೇವೆ.

ನಿಮ್ಮ ಬಿಲ್ಡಿಂಗಿನ ನೀರಿನ ಟ್ಯಾಂಕು ನೆನಪು ಮಾಡಿಕೊಳ್ಳಿ. ಮೇಲಿನಿಂದ ಒಂದೇ ಸಮ ನೀರು ಬೀಳುತ್ತಿದೆ, ಕೆಳಗಿನ ಪೈಪಿನಿಂದ ಹೋಗುತ್ತಿದೆ. ಪೈಪು ಅರ್ಧ ಕಟ್ಟಿಕೊಂಡರೆ ನೀರಿನ ಮಟ್ಟ ಏರುತ್ತದೆ. ಆದರೆ ಮೇಲಿನಿಂದ ಬೀಳುವ ನೀರು ಜಾಸ್ತಿಯಾದರೂ ಮಟ್ಟ ಏರುತ್ತದೆ ಅಲ್ವಾ? ಮಟ್ಟ ಮಾತ್ರ ನೋಡಿ ಪೈಪು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ. ಕ್ರಿಯೇಟಿನಿನ್ ಓದುವಾಗ ಆಗುವ ತಪ್ಪು ಇದೇ.

ಅಮ್ಮನ ರಿಪೋರ್ಟನ್ನು ನೋಡಿ. 1.1, ಕೆಂಪು ಗುರುತಿಲ್ಲ, ಎಲ್ಲರೂ ಸಮಾಧಾನ ಪಟ್ಟರು. ಆದರೆ 72 ವರ್ಷದ ಹೆಂಗಸಿನ ಮೈಯಲ್ಲಿ ಸ್ನಾಯು ಕಡಿಮೆ. ಟ್ಯಾಂಕಿಗೆ ಬೀಳುವ ನೀರೇ ಕಡಿಮೆ. ಹಾಗಿದ್ದೂ ಮಟ್ಟ 1.1 ಇದೆ. ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಸೇರಿಸಿ ಲೆಕ್ಕ ಹಾಕುವ ಒಂದು ಸೂತ್ರವಿದೆ, ಅದರಿಂದ ಬರುವ ಸಂಖ್ಯೆಗೆ ಇಜಿಎಫ್‌ಆರ್ ಎನ್ನುತ್ತಾರೆ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು ಅದು. ಆರೋಗ್ಯವಂತ ತರುಣನಿಗೆ 100ಕ್ಕಿಂತ ಮೇಲೆ ಇರುತ್ತದೆ. 2021ರ ಸೂತ್ರದಲ್ಲಿ ಹಾಕಿದರೆ ನಿಮ್ಮದು ಸುಮಾರು 56. ಅಮ್ಮನದು ಸುಮಾರು 53. ನೋಡಿದಿರಾ? ಕೆಂಪು ಅಕ್ಷರ ಬಂದದ್ದು ನಿಮಗೆ, ಆದರೆ ಸಂಖ್ಯೆ ಕಡಿಮೆ ಇರುವುದು ಅಮ್ಮನದು. ವಯಸ್ಸಾದಂತೆ ಈ ಸಂಖ್ಯೆ ಎಲ್ಲರಿಗೂ ನಿಧಾನವಾಗಿ ಇಳಿಯುತ್ತದೆ, ಅವರ ವಿಷಯದಲ್ಲೂ ಗಾಬರಿ ಬೇಡ. ಆದರೆ ಮತ್ತೆ ಪರೀಕ್ಷೆ ಮಾಡಿಸುವಾಗ ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳು ಅಲ್ಲೇ ನಿಂತರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ಮೂರು ತಿಂಗಳು ಎಂಬ ಮಾತು ಮುಖ್ಯ. ಒಂದು ಭಾನುವಾರದ ಒಂದು ರಕ್ತಪರೀಕ್ಷೆಗೆ ಆ ಹೆಸರು ಇಡುವುದಿಲ್ಲ. ಡಯಾಲಿಸಿಸ್ ಮಾತು ಬರುವುದು ಸಾಮಾನ್ಯವಾಗಿ 15ಕ್ಕಿಂತ ಕೆಳಗೆ ಇಳಿದ ಮೇಲೆ, ಅದೂ ವಾಂತಿ, ಉಸಿರಾಟದ ತೊಂದರೆ ಇವನ್ನೆಲ್ಲ ನೋಡಿ.

ಇನ್ನು ಕಿಡ್ನಿ ಕೆಲಸ ಮಾಡುವ ರೀತಿ. ಇದನ್ನು ಹೇಳುವಾಗ ನನಗೆ ಈಗಲೂ ಬೆರಗಾಗುತ್ತದೆ, ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಎರಡು ಅಂಗ, ಒಂದೊಂದು ಸುಮಾರು 150 ಗ್ರಾಂ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಈ ಎರಡಕ್ಕೇ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ನೆಫ್ರಾನ್ ಎನ್ನುತ್ತಾರೆ. ದಿನಕ್ಕೆ ಸೋಸುವುದು ಸುಮಾರು 180 ಲೀಟರ್. ನಿಮ್ಮ ಹೋಟೆಲಿಗೆ ಬರುವ 20 ಲೀಟರಿನ ನೀರಿನ ಕ್ಯಾನು ಒಂಬತ್ತು ಸಾಲಾಗಿ ಇಟ್ಟರೆ ಎಷ್ಟೋ ಅಷ್ಟು. ಆದರೆ ಮೂತ್ರ ಬರುವುದು ಒಂದೂವರೆ ಎರಡು ಲೀಟರ್. ಉಳಿದದ್ದು ಎಲ್ಲಿ ಹೋಯಿತು? ವಾಪಸ್ ರಕ್ತಕ್ಕೆ.

ಕಿಡ್ನಿ ಎಂದರೆ ಚಹಾ ಜರಡಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಜರಡಿಯಲ್ಲಿ ಚರಟ ಮೇಲೆ ನಿಲ್ಲುತ್ತದೆ, ಬೇಕಾದದ್ದು ಕೆಳಗೆ ಇಳಿಯುತ್ತದೆ. ಕಿಡ್ನಿ ಮಾಡುವುದು ಬೇರೆ ಕೆಲಸ. ನೀವು ದೀಪಾವಳಿಗೆ ಮುಂಚೆ ಹೋಟೆಲಿನ ಸಾಮಾನಿನ ಕೋಣೆ ಗುಡಿಸುವುದಿಲ್ಲವೇ? ಎಲ್ಲ ಡಬ್ಬ, ಮೂಟೆ ಹೊರಗೆ ಹಾಕುತ್ತೀರಿ. ಆಮೇಲೆ ಬೇಕಾದದ್ದನ್ನು ಮಾತ್ರ ಒಳಗೆ ತರುತ್ತೀರಿ. ಹೊರಗೆ ಉಳಿದದ್ದು ಕಸ. ಕಿಡ್ನಿಯೂ ಹಾಗೆಯೇ. ರಕ್ತಕಣ, ದೊಡ್ಡ ಪ್ರೋಟೀನು ಬಿಟ್ಟು ಎಲ್ಲವನ್ನೂ ಹೊರಗೆ ಹಾಕುತ್ತದೆ. ಸಕ್ಕರೆ, ಉಪ್ಪು, ನೀರು, ಯೂರಿಯಾ, ಮಾತ್ರೆಯ ಅಂಶ, ಎಲ್ಲ. ಆಮೇಲೆ ಉದ್ದದ ಕೊಳವೆಯಲ್ಲಿ ಬೇಕಾದದ್ದನ್ನು ಒಂದೊಂದಾಗಿ ಹೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಕಸದ ಹೆಸರು ಅದಕ್ಕೆ ಗೊತ್ತಿರಬೇಕಾಗಿಲ್ಲ. ಮನುಷ್ಯ ನಿನ್ನೆ ಮೊನ್ನೆ ಕಂಡುಹಿಡಿದ ಔಷಧಿಯೂ ಹೊರಗೆ ಹೋಗುವುದು ಈ ಜಾಣತನದಿಂದ.

ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ ಹೀಗೆ ಹೊರಬಿದ್ದು ಪೂರ್ತಿ ವಾಪಸ್ ಬರುತ್ತದೆ. ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಮಟ್ಟ 180 (ಡೆಸಿಲೀಟರಿಗೆ ಮಿಲಿಗ್ರಾಂ) ದಾಟಿದರೆ ಮಾತ್ರ ಹೆಕ್ಕುವ ಕೈಗಳಿಗೆ ಪುರುಸೊತ್ತು ಸಾಲದೆ ಸಕ್ಕರೆ ಮೂತ್ರಕ್ಕೆ ಸೋರುತ್ತದೆ. ಉಪ್ಪು ಹೊರಬೀಳುವುದು ದಿನಕ್ಕೆ ಸುಮಾರು ಒಂದೂವರೆ ಕಿಲೋ! ಅಷ್ಟನ್ನೂ ಒಳಗೆ ತೆಗೆದುಕೊಂಡು, ನೀವು ಅಂದು ತಿಂದ ಹೆಚ್ಚಿನ ಐದು ಹತ್ತು ಗ್ರಾಂ ಮಾತ್ರ ಹೊರಗೆ ಬಿಡುತ್ತದೆ. ಈ ಲೆಕ್ಕದ ನಿಖರತೆ ಯಾವ ಕ್ಯಾಷ್ ಕೌಂಟರಿನಲ್ಲೂ ಇಲ್ಲ. ಇದಲ್ಲದೆ ರಕ್ತ ಹುಟ್ಟಿಸಲು ಮೂಳೆ ಮಜ್ಜೆಗೆ ಹೇಳುವುದು, ವಿಟಮಿನ್ ಡಿಯನ್ನು ಕೊನೆಯ ಹದಕ್ಕೆ ತರುವುದು, ಬಿಪಿ ಹಿಡಿದಿಡುವುದು, ಇವೂ ಅದರ ಕೆಲಸ. ಕಿಡ್ನಿ ಕೆಟ್ಟವರ ಮುಖ ಬಿಳಿಚಿಕೊಳ್ಳುವುದು, ಮೂಳೆ ಸೊರಗುವುದು ಇದರಿಂದ.

ಸೋಸಲು ಒತ್ತಡ ಬೇಕು. ಪ್ರತಿ ನೆಫ್ರಾನಿಗೆ ರಕ್ತ ತರುವ ಒಂದು ಸಣ್ಣ ನಾಳ, ಹೊರಗೆ ಒಯ್ಯುವ ಇನ್ನೊಂದು ನಾಳ ಇದೆ. ಎರಡನ್ನೂ ನಲ್ಲಿಯಂತೆ ಬಿಗಿ, ಸಡಿಲ ಮಾಡಿ ಕಿಡ್ನಿ ಒತ್ತಡ ಕಾಯ್ದುಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಒಳಗೆ ಬರುವ ನಾಳ ತೆರೆದೇ ಇರಬೇಕು. ಅದನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು. ಮಂಡಿಯಲ್ಲಿ ನೋವು ಹುಟ್ಟಿಸುವುದೂ ಅದೇ ಜಾತಿಯ ವಸ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ನೋವಿನ ಮಾತ್ರೆಗಳು ಅದನ್ನು ತಡೆಯುತ್ತವೆ. ಮಂಡಿಗೆ ಹಾಯಾಗುತ್ತದೆ, ಕಿಡ್ನಿಯ ನಲ್ಲಿ ಬಿಗಿಯುತ್ತದೆ.

ಈಗ ನಿಮ್ಮ ದಿನವನ್ನು ನೋಡಿ. ಮುಂಬಯಿಯ ಮೇ ತಿಂಗಳು. ಹೊರಗೆ ಅಂಟು ಸೆಕೆ, ಒಳಗೆ ಕಾವಲಿಯ ಬೆಂಕಿ. ಬೆವರಿ ಬೆವರಿ ಬನಿಯನ್ ಹಿಂಡುವ ಹಾಗೆ. ಗಿರಾಕಿಗಳ ನಡುವೆ ನೀರು ಕುಡಿಯಲೂ ಹೊತ್ತಿಲ್ಲ. ಮೇಲೆ ಬಿಪಿ ಮಾತ್ರೆ, ಅದರ ಮೇಲೆ ದಿನಾ ನೋವಿನ ಮಾತ್ರೆ. ಬೆವರು, ಬಿಪಿ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಬಂದರೆ ಕಿಡ್ನಿಗೆ ಸೋಸಲು ಬೇಕಾದಷ್ಟು ಒತ್ತಡ ಸಿಗದೆ ಹೋಗಬಹುದು. ಜೊತೆಗೆ ಹಿಂದಿನ ರಾತ್ರಿ ಮೀನೋ ಕೋಳಿಯೋ ಉಂಡಿದ್ದರೆ ಅದೂ ಸೇರುತ್ತದೆ. ಮೀನು, ಮಾಂಸದಲ್ಲೂ ಕ್ರಿಯೇಟಿನ್ ಇದೆ, ಬೇಯಿಸಿದಾಗ ಅದರಲ್ಲಿ ಒಂದಿಷ್ಟು ಕ್ರಿಯೇಟಿನಿನ್ ಆಗುತ್ತದೆ. ಆ ಭಾನುವಾರದ 1.5ರಲ್ಲಿ ಎಷ್ಟು ಭಾಗ ನಿಜವಾದ ಹಾನಿ, ಎಷ್ಟು ಭಾಗ ಈ ಕಾರಣಗಳಿಂದ ಬಂದದ್ದು? ನೋವಿನ ಮಾತ್ರೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. ಸಂಖ್ಯೆ ಇಳಿದು ನಾರ್ಮಲ್ ಹತ್ತಿರ ಬಂದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಳಿಯದವರನ್ನೂ ನೋಡಿದ್ದೇನೆ. ವರ್ಷಗಟ್ಟಲೆ ನುಂಗಿದರೆ ಕೆಲವರಿಗೆ ಹಾನಿ ಉಳಿದುಬಿಡುತ್ತದೆ.

ಡೈಕ್ಲೋಫೆನಾಕ್ ಏನು ಮಾಡಬಲ್ಲದು ಎಂಬುದಕ್ಕೆ ಮುಂಬಯಿಯಲ್ಲೇ ಒಂದು ಗುರುತಿದೆ. ಮಲಬಾರ್ ಹಿಲ್‌ನಲ್ಲಿ ಪಾರ್ಸಿಗಳ ಡುಂಗರ್‌ವಾಡಿ ಇದೆ. ಶವವನ್ನು ರಣಹದ್ದುಗಳಿಗೆ ಒಪ್ಪಿಸುವುದು ಅವರ ಪದ್ಧತಿ. 1990ರ ದಶಕದಿಂದ ಹದ್ದುಗಳೇ ಕಾಣದಾದವು. ದೇಶದಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕಿಂತ ಹೆಚ್ಚು ಅಳಿದುಹೋದವು. ಕಾರಣ ಗೊತ್ತಾದದ್ದು 2004ರ ಹೊತ್ತಿಗೆ. ದನಗಳಿಗೆ ನೋವಿಗೆಂದು ಡೈಕ್ಲೋಫೆನಾಕ್ ಕೊಡುತ್ತಿದ್ದರು. ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಕೆಲವೇ ದಿನದಲ್ಲಿ ನಿಂತುಹೋಗುತ್ತಿತ್ತು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಮನುಷ್ಯರ ಕಿಡ್ನಿ ಹದ್ದಿನದರಷ್ಟು ನಾಜೂಕಲ್ಲ. ಯಾವತ್ತೋ ಹಲ್ಲುನೋವಿಗೆ ಎರಡು ದಿನ ತೆಗೆದುಕೊಂಡರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಬಿಪಿ ಇರುವವರು ಎರಡು ವರ್ಷ ದಿನಾ ನುಂಗುವುದು ಬೇರೆಯೇ ಮಾತು.

ಹಾಗಾಗಿ ನೋವಿನ ಮಾತ್ರೆ ಇವತ್ತೇ ನಿಲ್ಲಲಿ. ಮಂಡಿನೋವಿಗೆ ಬೇರೆ ದಾರಿ ಇದೆ. ಪ್ಯಾರಾಸಿಟಮಾಲ್ ಕಿಡ್ನಿಗೆ ಇದಕ್ಕಿಂತ ಎಷ್ಟೋ ವಾಸಿ, ಎಷ್ಟು ತೆಗೆದುಕೊಳ್ಳಬೇಕು ಎಂದು ವೈದ್ಯರನ್ನು ಕೇಳಿ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರ ಇಳಿಯುತ್ತದೆ, ಅದಕ್ಕೆ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುವ ಸಣ್ಣ ವ್ಯಾಯಾಮ ಇದೆ. ಕಾವಲಿಯ ಮುಂದೆ ಬರಿ ಟೈಲ್ಸ್ ಮೇಲೆ ನಿಲ್ಲಬೇಡಿ, ದಪ್ಪ ರಬ್ಬರ್ ಚಾಪೆ ಹಾಕಿಸಿಕೊಡಲು ಮಾಲೀಕರಿಗೆ ಹೇಳಿ. ಮೂವತ್ತು ವರ್ಷಕ್ಕೂ ಮೇಲೆ ದುಡಿದ ಕಾಲಿಗೆ ಅಷ್ಟು ಕೇಳುವ ಹಕ್ಕಿದೆ. ನೋವಿನ ಮಾತ್ರೆಯ ಜೊತೆ ದಿನಾ ಗ್ಯಾಸಿನ ಮಾತ್ರೆಯನ್ನೂ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅಪರೂಪಕ್ಕೆ ಕೆಲವರಲ್ಲಿ ಅದು ಕಿಡ್ನಿಗೆ ಉರಿಯೂತ ತರುತ್ತದೆ.

ಬಿಪಿ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಇದನ್ನು ಎರಡು ಸಲ ಓದಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಜಾತಿಯ ಮಾತ್ರೆ ಶುರು ಮಾಡಿದಾಗ ಕ್ರಿಯೇಟಿನಿನ್ ಸ್ವಲ್ಪ ಏರುವುದುಂಟು. ಅದನ್ನು ನೋಡಿ ಹೆದರಿ ಬಿಟ್ಟುಬಿಡುತ್ತಾರೆ. ಆದರೆ ದೂರದ ದಾರಿಯಲ್ಲಿ ಕಿಡ್ನಿಯನ್ನು ಕಾಯುವುದು ಅವೇ. ವಾಂತಿ ಭೇದಿ ಆಗಿ ಮೈ ಒಣಗಿದ ದಿನ ಮಾತ್ರ ವೈದ್ಯರಿಗೆ ಫೋನ್ ಮಾಡಿ, ಅವತ್ತಿನ ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ ಕೇಳಿ.

ಆರು ಲೀಟರ್ ನೀರಿನ ವಿಷಯ. ನೀರು ಹೆಚ್ಚು ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ ಎಂಬುದು ಕೇಳಲು ಚೆನ್ನಾಗಿದೆ. ಕೆನಡಾದಲ್ಲಿ ಕಿಡ್ನಿ ಕಾಯಿಲೆ ಇದ್ದ 600ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜಾಸ್ತಿ ನೀರು ಕುಡಿಯಲು ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಕಿಡ್ನಿ ಇಳಿಯುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಲ್ಲು ಆಗುವವರಿಗೆ ಮಾತ್ರ ಹೆಚ್ಚು ನೀರು ನಿಜಕ್ಕೂ ಔಷಧಿ. ನಿಮ್ಮ ಕೆಲಸದಲ್ಲಿ ಬೆವರು ಜಾಸ್ತಿ, ಆದ್ದರಿಂದ ಎರಡೂವರೆ ಮೂರು ಲೀಟರ್ ಬೇಕಾಗಬಹುದು. ಕಾವಲಿಯ ಪಕ್ಕದಲ್ಲೇ ಬಾಟಲಿ ಇಟ್ಟುಕೊಳ್ಳಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಕಾಲು ಊದಿಕೊಂಡಿದ್ದರೆ ಆ ಲೆಕ್ಕ ಬೇರೆ, ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಬೇಳೆ ಬಿಡುವ ಮಾತು ನನಗೆ ಬೇಸರ ತರುತ್ತದೆ. ಯಾಕೆಂದರೆ ಅದು ಕೆಲಸ ಮಾಡಿದಂತೆ ಕಾಣುತ್ತದೆ. ಪ್ರೋಟೀನು ಬಿಟ್ಟವರು ತಿಂಗಳುಗಳಲ್ಲಿ ಸೊರಗುತ್ತಾರೆ, ತೋಳು ತೊಡೆ ಸಣ್ಣಗಾಗುತ್ತದೆ. ಸ್ನಾಯು ಕಡಿಮೆಯಾದರೆ ಕ್ರಿಯೇಟಿನಿನ್ ಹುಟ್ಟುವುದೇ ಕಡಿಮೆ. ರಿಪೋರ್ಟಿನಲ್ಲಿ ಸಂಖ್ಯೆ ಇಳಿಯುತ್ತದೆ. ಮನೆಯವರು ಖುಷಿ ಪಡುತ್ತಾರೆ. ಕಿಡ್ನಿ ಇದ್ದ ಹಾಗೇ ಇದೆ, ಮನುಷ್ಯ ಮಾತ್ರ ಬಡವಾಗಿದ್ದಾನೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನು ಬೇಕು. ನೀವು 65 ಕಿಲೋ ಇದ್ದರೆ ಸುಮಾರು 52 ಗ್ರಾಂ. ಒಂದು ವಾಟಿ ಬೇಳೆಯಲ್ಲಿ ಆರೇಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ನೂರು ಗ್ರಾಂ ಮೀನಿನಲ್ಲಿ ಸುಮಾರು ಇಪ್ಪತ್ತು. ಅನ್ನ, ದೋಸೆಯಲ್ಲೂ ಸ್ವಲ್ಪ ಇದೆ. ಲೆಕ್ಕ ಹಾಕಿ ನೋಡಿ, ನೀವು ಈಗ ಉಣ್ಣುವುದು ಬಹುಶಃ ಅದಕ್ಕಿಂತ ಹೆಚ್ಚಿಲ್ಲ. ಬೇಳೆ ತಿನ್ನಿ, ಬಂಗುಡೆ ತಿನ್ನಿ. ಡಬ್ಬದ ಪ್ರೋಟೀನ್ ಪುಡಿ ಬೇಡ.

ಕಡಿಮೆ ಮಾಡಬೇಕಾದದ್ದು ಉಪ್ಪು. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕರಾವಳಿಯವರಿಗೆ ಇದು ಕಷ್ಟ, ನನಗೂ ಗೊತ್ತು. ಗಂಜಿಗೆ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಮೂರೂ ಒಟ್ಟಿಗೆ ಬೇಡ, ಒಂದು ದಿನ ಒಂದು, ಅದೂ ಸ್ವಲ್ಪ. ಸೈಂಧವ ಲವಣವೂ ಉಪ್ಪೇ, ಅದರಲ್ಲಿ ಸೋಡಿಯಂ ಕಡಿಮೆಯೇನಿಲ್ಲ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ಸೊರಗಿದ್ದರೆ ಅದು ಹೃದಯಕ್ಕೆ ಅಪಾಯ. ವೈದ್ಯರನ್ನು ಕೇಳದೆ ತರಬೇಡಿ.

ಕಷಾಯದ ಬಾಟಲಿಯನ್ನು ತಂದುಕೊಟ್ಟವರ ಮನಸ್ಸು ಒಳ್ಳೆಯದು. ಆದರೂ ಅದನ್ನು ತೆರೆಯಬೇಡಿ. ಒಳಗೆ ಏನಿದೆ ಎಂದು ಲೇಬಲಿನಿಂದ ತಿಳಿಯುವುದಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ತೆಗೆದುಕೊಂಡ ಹಲವು ಹೆಂಗಸರ ಕಿಡ್ನಿ ಪೂರ್ತಿ ಹಾಳಾಯಿತು. ಒಂದು ಗಿಡದ ಬದಲು ಅರಿಸ್ಟೊಲೋಕಿಯಾ ಎಂಬ ಇನ್ನೊಂದು ಜಾತಿಯ ಗಿಡ ಸೇರಿಬಿಟ್ಟಿತ್ತು. ಊರಿನಿಂದ ಬರುವಾಗ ಬಿಂಬುಳಿ, ದಾರೆಹುಳಿ ತರುತ್ತೀರಾ? ಸಾರಿಗೆ ಹುಳಿಯಾಗಿ ಒಂದೆರಡು ಹಾಕುವುದು ಬೇರೆ. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಬಿಂಬುಳಿಯ ರಸವನ್ನು ಲೋಟ ತುಂಬ ಕುಡಿದವರ ಕಿಡ್ನಿಯಲ್ಲಿ ಆಕ್ಸಲೇಟ್ ಹರಳು ತುಂಬಿ ಕೆಲಸ ನಿಂತದ್ದಿದೆ. ದಾರೆಹುಳಿಯಲ್ಲಿ ಮೆದುಳಿಗೆ ಏರುವ ವಿಷದ ಅಂಶವೂ ಇದೆ. ಆರೋಗ್ಯವಾದ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೊರಗಿದ ಕಿಡ್ನಿಗೆ ಆಗುವುದಿಲ್ಲ. ನಿಮ್ಮ ವಿಷಯ ಖಚಿತವಾಗುವ ತನಕ ಎರಡನ್ನೂ ಬಿಡಿ.

ಮಳೆಗಾಲ ಬರುತ್ತಿರುವುದರಿಂದ ಒಂದು ಮಾತು. 2005ರ ಜುಲೈ 26ರ ಮಳೆ ನೀವೂ ನೋಡಿದ್ದೀರಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ನೀರು ಇಳಿದ ಮೇಲೆ ಲೆಪ್ಟೊಸ್ಪೈರೋಸಿಸ್ ಬಂತು. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಹೋಗುವ ರೋಗ ಅದು. ಕಿಡ್ನಿಯನ್ನು ಕೆಲವೇ ದಿನದಲ್ಲಿ ನಿಲ್ಲಿಸಬಲ್ಲದು. ನಿಂತ ನೀರಿನಲ್ಲಿ ನಡೆದು ಬಂದ ದಿನ ಕಾಲು ಸೋಪು ಹಾಕಿ ತೊಳೆಯಿರಿ. ಗಾಯ ಇದ್ದರೆ ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಆಮೇಲೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಬಂದರೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಮಾಡಬೇಕಾದ ಪರೀಕ್ಷೆ. ತಪಾಸಣೆಯಲ್ಲಿ ನಿಮ್ಮ ಮೂತ್ರ ಪರೀಕ್ಷೆ ಮಾಡಿದಂತೆ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಸೋಸುವ ಗೋಡೆ ಹಾಳಾಗತೊಡಗಿದರೆ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕ್ರಿಯೇಟಿನಿನ್ ಏರುವ ವರ್ಷಗಳ ಮುಂಚೆಯೇ ಇದು ಕಾಣುತ್ತದೆ. ಕ್ರಿಯೇಟಿನಿನ್ ತಡವಾಗಿ ಬರುವ ಸುದ್ದಿ. ಅರ್ಧದಷ್ಟು ಕೆಲಸ ಹೋಗುವ ತನಕ ಅದು ನಾರ್ಮಲ್ ಗೆರೆಯೊಳಗೇ ಇರಬಹುದು. ನೋವು ಬರುವುದಿಲ್ಲ, ಮೂತ್ರವೂ ಎಂದಿನಂತೆ ಬರುತ್ತದೆ. ಲ್ಯಾಬಿನಲ್ಲಿ ಯೂರಿನ್ ಎಸಿಆರ್ ಎಂದು ಕೇಳಿ, ಮೂತ್ರದ ಅಲ್ಬುಮಿನನ್ನು ಅದರಲ್ಲಿರುವ ಕ್ರಿಯೇಟಿನಿನ್ ಜೊತೆ ಹೋಲಿಸಿ ಅಳೆಯುವ ಪರೀಕ್ಷೆ ಅದು. 30ಕ್ಕಿಂತ ಕೆಳಗೆ ಇದ್ದರೆ ದೊಡ್ಡ ಸಮಾಧಾನ. ಮೇಲೆ ಇದ್ದರೆ ಅದಕ್ಕೆ ಈಗ ಒಳ್ಳೆಯ ಔಷಧಿ ಇದೆ. ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕಿಡ್ನಿಯನ್ನೂ ಕಾಯುತ್ತದೆ ಎಂದು ತಿಳಿದಿದೆ. 2020ರಲ್ಲಿ ನಮ್ಮ ದೇಶದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ನಿಮಗೆ ಬೇಕೋ ಬೇಡವೋ ಎಂಬುದನ್ನು ರಿಪೋರ್ಟ್ ನೋಡಿ ವೈದ್ಯರು ಹೇಳಲಿ.

ನೋವಿನ ಮಾತ್ರೆ ನಿಲ್ಲಿಸಿ ಎರಡು ವಾರ ಆದ ಮೇಲೆ, ಒಂದು ರಜೆಯ ದಿನ ಬೆಳಿಗ್ಗೆ ಹೋಗಿ. ಹಿಂದಿನ ರಾತ್ರಿ ಮೀನು ಮಾಂಸ ಬೇಡ. ಖಾಲಿ ಹೊಟ್ಟೆಯಲ್ಲಿ ಹೋಗಿ, ಆದರೆ ನೀರು ಕುಡಿದೇ ಹೋಗಿ. ಕ್ರಿಯೇಟಿನಿನ್, ಯೂರಿನ್ ಎಸಿಆರ್, ಸಕ್ಕರೆ, ಪೊಟ್ಯಾಸಿಯಂ ಮಾಡಿಸಿ. ಬಿಪಿಯನ್ನು ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡಿಸಿ, ಮೆಟ್ಟಿಲು ಹತ್ತಿದ ಕೂಡಲೇ ಅಲ್ಲ. ಕಿಡ್ನಿಯ ಸೋನೋಗ್ರಫಿ ಒಂದು ಸಲ ಸಾಕು. ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ ರಕ್ತ, ಮೂತ್ರ ಮತ್ತೆ ನೋಡಿಸಿ. ಈ ನಡುವೆ ಮುಖ, ಕಾಲು ಊದಿಕೊಂಡರೆ, ಮೂತ್ರ ತೀರ ಕಡಿಮೆಯಾದರೆ, ನೊರೆ ನಿಲ್ಲದೆ ಬಂದರೆ ಅಥವಾ ರಕ್ತ ಕಂಡರೆ ಎರಡು ವಾರ ಕಾಯಬೇಡಿ.

ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರಿಗೂ ಮಂಡಿನೋವು ಇರಬಹುದು, ನಿಮ್ಮ ನೋವಿನ ಮಾತ್ರೆಯ ಪಟ್ಟಿಯಿಂದಲೇ ಅವರೂ ತೆಗೆದು ನುಂಗುತ್ತಿರಬಹುದು. ಕೇಳಿ ನೋಡಿ. ಇಬ್ಬರ ಕ್ರಿಯೇಟಿನಿನ್, ಮೂತ್ರದ ಅಲ್ಬುಮಿನ್, ಬಿಪಿ ಮೂರನ್ನೂ ಒಂದು ಕಾಗದದಲ್ಲಿ ತಾರೀಖಿನ ಜೊತೆ ಬರೆದು ಕಳಿಸಿ, ನೋಡಿ ಹೇಳುತ್ತೇನೆ.